ಬೆಲ್ಲದ ನಾಡಿಗೆ ಬಂದ ಕಾಫಿ, ಜೇನು

ಕಳೆದ ಸಂಕ್ರಾಂತಿಗೆ ಬೆಂಗಳೂರಿನಿಂದ ಯಮಕನಮರಡಿಗೆ ಬಂದ ನನ್ನ ಸೋದರಳಿಯನು, ಕೈಕಾಲು ತೊಳೆದು, ದೇವರಿಗೆ ಕೈಮುಗಿದು, ಅಜ್ಜಿಯ ಪಾದಕ್ಕೆರಗಿದ ತರುವಾಯ, ತನ್ನ ಚೀಲದಿಂದ ಎರಡು ವಸ್ತುಗಳನ್ನು ತೆಗೆದು ಪಡಸಾಲೆಯ ನಡುವೆ ಇಟ್ಟನು. ಒಂದು, ಕಾಲು ಕಿಲೋ ಕಾಫಿಪುಡಿಯ ಪೊಟ್ಟಣ. ಇನ್ನೊಂದು, ಗಾಜಿನ ಬಾಟಲಿಯಲ್ಲಿ ಜೇನುತುಪ್ಪ. ಪೊಟ್ಟಣದ ಮೇಲೆ ಚಿಕ್ಕಮಗಳೂರು ಸೀಮೆಯ ತೋಟವೊಂದರ ಹೆಸರು, ಆ ತೋಟವು ಸಮುದ್ರಮಟ್ಟದಿಂದ ಎಷ್ಟು ಮೀಟರು ಎತ್ತರದಲ್ಲಿದೆಯೆಂಬ ಲೆಕ್ಕ, ಗಿಡದ ತಳಿ ಎಸ್. 795 ಎಂಬ ಒಕ್ಕಣೆ, ಬೀಜವನ್ನು ಹುರಿದ ತಾರೀಖು, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ‘ಹನಿ’ ಎಂಬ ಎರಡಕ್ಷರದ ಪದ. ಬಾಟಲಿಯ ಮೇಲೆ ‘ರಾ ಹನಿ’ ಎಂದಿತ್ತು. ಆದರೆ ಒಳಗಿನ ಜೇನು ಅರ್ಧದವರೆಗೆ ಹೆರೆತುಪ್ಪದಂತೆ ಗಟ್ಟಿಯಾಗಿ, ಮೇಲರ್ಧದಲ್ಲಿ ಮಾತ್ರ ಹೊಂಬಣ್ಣದ ದ್ರವವಾಗಿ ನಿಂತಿತ್ತು.

ಅವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ತೀರ್ಪು ಕೊಡಲು ಕ್ಷಣಮಾತ್ರವೂ ತಡಮಾಡಲಿಲ್ಲ. ‘ತಮ್ಮಾ, ನಿನಗ ಯಾರೋ ಸಕ್ಕರಿ ಪಾಕಾ ಮಾರ್ಯಾರ ನೋಡು. ಜೇನ ಎಲ್ಲಿಯರ ಹಿಂಗ ಹಳ್ಳಗಟ್ಟತೈತೇನು?’ ಹಬ್ಬದ ಕುಸುರೆಳ್ಳು ಕೊಡಲು ಬಂದಿದ್ದ, ನಾವೆಲ್ಲ ಗಾಣದ ಕಾಕಾ ಎಂದು ಕರೆಯುವ, ನಲವತ್ತು ವರ್ಷ ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತು ಹದ ನೋಡಿದ ನಮ್ಮ ನೆರೆಮನೆಯ ಹಿರಿಯರು ಇತ್ತ ಪೊಟ್ಟಣವನ್ನು ತಿರುವಿ ತಿರುವಿ ಓದಿ ಕೇಳಿದರು: ‘ಹನಿ ಅಂತ ಬರದಾರಲ್ಲೋ, ಕಾಫಿಯೊಳಗ ಜೇನ ಕಲಸ್ಯಾರೇನು?’ ಅಳಿಯನು ಮೊಬೈಲಿನಲ್ಲಿ ಹುಡುಕಿ ಹೇಳಿದ ಉತ್ತರಗಳು ಇಬ್ಬರಿಗೂ ಹಿಡಿಸಲಿಲ್ಲ. ‘ಆಯೀ, ಇದು ಖರೇನ ಜೇನ’ ಎಂದು ಅವನು ಆಣೆಯಿಡುವುದೊಂದು ಬಾಕಿ ಉಳಿದಿತ್ತು. ಆ ದಿನ ಪಡಸಾಲೆಯಲ್ಲಿ ಹುಟ್ಟಿದ ಪ್ರಶ್ನೆಗಳೇ ಈ ಲೇಖನಕ್ಕೆ ಮೂಲ. ನಗರಗಳಲ್ಲಿ ಈ ಎರಡು ಪದಾರ್ಥಗಳನ್ನು ಕೊಳ್ಳುವವರೂ ಬಹುಮಟ್ಟಿಗೆ ಇವೇ ಪ್ರಶ್ನೆಗಳನ್ನು ಕೇಳುವರೆಂಬುದನ್ನು ನಾನು ಅನಂತರ ಕಂಡುಕೊಂಡೆನು.

ನಮ್ಮದು ಚಹಾದ ಸೀಮೆಯೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಮೇಲು. ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಹೋಗುವ ಹೆದ್ದಾರಿಯ ಬಲಬದಿ ಎಡಬದಿಗಳಲ್ಲಿ ಎಲ್ಲಿ ಇಳಿದರೂ ಶುಂಠಿ ಜಜ್ಜಿದ ಖಡಕ್ ಚಹಾ ಸಿಕ್ಕೀತೇ ಹೊರತು ಫಿಲ್ಟರ್ ಕಾಫಿ ಸಿಕ್ಕುವುದು ಅಪೂರ್ವ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿ ರಾಜ್ಯದ ಪ್ರಜೆಗಳಾಗಿದ್ದು, ನಮ್ಮ ಪೇಟೆ, ವಕೀಲಿ, ನಾಟಕದ ಕಂಪನಿ, ಹೆಣ್ಣು ಕೊಟ್ಟು ತರುವ ಸಂಬಂಧ ಎಲ್ಲವೂ ಪುಣೆ, ಕೊಲ್ಹಾಪುರಗಳ ಕಡೆಗೆ ಮುಖ ಮಾಡಿದ್ದವಾದ್ದರಿಂದ, ಮೈಸೂರು ಸಂಸ್ಥಾನದ ಬ್ರಾಹ್ಮಣರ ಹೋಟೆಲುಗಳ ಮೂಲಕ ತೆಂಕಣದ ಮನೆಮನೆಗೆ ಹೊಕ್ಕ ಕಾಫಿಯು ತುಂಗಭದ್ರೆಯನ್ನು ದಾಟಿ ಬರುವಷ್ಟರಲ್ಲಿ ದಣಿದುಹೋಯಿತೆಂದೇ ಹೇಳಬೇಕು. ನಮ್ಮ ಹೊಲಗಳ ಕಥೆಯೂ ಬೇರೆ. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಅಣೆಕಟ್ಟು ಕಟ್ಟಿದ ಬಳಿಕ ಹುಕ್ಕೇರಿ, ಗೋಕಾಕ, ಮೂಡಲಗಿಗಳ ನೆಲದಲ್ಲಿ ಕಬ್ಬು ಮತ್ತು ಗೋವಿನಜೋಳಗಳೇ ರಾಜ್ಯವಾಳುತ್ತಿವೆ. ಆದಕಾರಣ ಕಾಫಿಯ ವಿಚಾರವಾಗಲಿ ಜೇನಿನ ವಿಚಾರವಾಗಲಿ ನಮಗೆ ಪರಕೀಯವೆಂದು ಭಾವಿಸುವುದು ಸಹಜ. ಆದರೆ ಬೆಲ್ಲವನ್ನು ಬಲ್ಲವರಿಗೆ ಇವೆರಡನ್ನೂ ತಿಳಿಯಲು ಬೇಕಾದ ಅರ್ಧಕ್ಕೂ ಮಿಕ್ಕ ವಿದ್ಯೆ ಕೈಯಲ್ಲೇ ಉಂಟೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿ ಗಾಣದ ಕಾಕಾ.

ಮೊದಲನೆಯ ಪ್ರಶ್ನೆ, ‘ಸ್ಪೆಷಾಲ್ಟಿ ಕಾಫಿ’ ಎಂದರೇನು? ಹೋಟೆಲಿನ ಗೋಡೆಯ ಮೇಲೆ ಬರೆದ ‘ಸ್ಪೆಷಲ್ ಚಹಾ’ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಸ್ಪೆಷಲ್ ಎಂದರೆ ಹಾಲು ಹೆಚ್ಚು, ಇಲ್ಲಿ ಅಂತಹ ಔದಾರ್ಯವೇನಿಲ್ಲ. 1974ರಲ್ಲಿ ಎರ್ನಾ ಕ್ನುಟ್ಸೆನ್ ಎಂಬ, ನಾರ್ವೆಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಕಾಫಿಬೀಜದ ವ್ಯಾಪಾರ ಮಾಡುತ್ತಿದ್ದ ಮಹಿಳೆಯು, ನಿರ್ದಿಷ್ಟ ನೆಲದ, ನಿರ್ದಿಷ್ಟ ಹವೆಯ ಫಲವಾಗಿ ತನ್ನದೇ ಆದ ಸ್ವಾದವನ್ನು ಪಡೆದ ಬೀಜವನ್ನು ಸೂಚಿಸಲು ಈ ಪದವನ್ನು ವ್ಯಾಪಾರದ ಪತ್ರಿಕೆಯೊಂದರಲ್ಲಿ ಬಳಸಿದಳು. ಕಾಲಕ್ರಮದಲ್ಲಿ ಅದಕ್ಕೊಂದು ಅಳತೆಗೋಲೂ ಒದಗಿತು. ಪರಿಣತರು ಕಷಾಯವನ್ನು ಚಮಚೆಯಿಂದ ಸದ್ದುಮಾಡಿ ಸುರಿದುಕೊಂಡು, ಪರಿಮಳ, ಹುಳಿ, ಸಿಹಿ, ನಾಲಗೆಯ ಮೇಲಿನ ಭಾರ, ನುಂಗಿದ ಮೇಲೆ ಉಳಿಯುವ ರುಚಿ ಇತ್ಯಾದಿಗಳಿಗೆ ಅಂಕ ಹಾಕುತ್ತಾರೆ; ನೂರಕ್ಕೆ ಎಂಬತ್ತು ಬಂದರೆ ಮಾತ್ರ ಈ ಪಂಕ್ತಿಯಲ್ಲಿ ಎಲೆ. ಅಷ್ಟೇ ಅಲ್ಲ, ಹುರಿಯುವ ಮುನ್ನ 350 ಗ್ರಾಂ ಹಸಿ ಬೀಜವನ್ನು ಮೇಜಿನ ಮೇಲೆ ಹರಡಿ ಎಣಿಸುವಾಗ, ಪೂರಾ ಕಪ್ಪಾದುದು, ಹುಳಿತುಹೋದುದು ಮುಂತಾದ ಮಹಾದೋಷದ ಬೀಜ ಒಂದೂ ಇರಕೂಡದು. ಮುರುಕು, ಸುಕ್ಕು ಮೊದಲಾದ ಅಲ್ಪದೋಷಗಳು ಐದಕ್ಕೆ ಮೀರಕೂಡದು. ಮದುವೆಗೆ ಅಕ್ಕಿ ಆರಿಸುವ ನಮ್ಮ ಹೆಂಗಸರನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯಪಡುವಂತಹದೇನೂ ತೋರದು.

ಹಾಗಾದರೆ ಕರ್ನಾಟಕದಲ್ಲಿ ಕಾಫಿ ಮುನ್ನೂರು ವರ್ಷಗಳಿಂದ ಬೆಳೆಯುತ್ತಿರುವಾಗ ತೋಟದ ಹೆಸರು ಪೊಟ್ಟಣದ ಮೇಲೆ ಏರಿದ್ದು ಇತ್ತೀಚೆಗೆ ಏಕೆ? ಇದು ನನಗೆ ಎಲ್ಲಕ್ಕಿಂತ ಕುತೂಹಲಾಸ್ಪದವಾದ ಪ್ರಶ್ನೆ. ಬಾಬಾ ಬುಡನರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ, 1670ರ ಸುಮಾರಿನದೆಂದು ಹೇಳಲಾಗುವ ಐತಿಹ್ಯ ಶಾಲೆಯ ಹುಡುಗರಿಗೂ ಗೊತ್ತು. 1925ರಲ್ಲಿ ಮೈಸೂರು ಸರಕಾರವು ಬಾಳೆಹೊನ್ನೂರಿನ ಬಳಿ ಕಾಫಿಯ ಸಂಶೋಧನಾ ಕ್ಷೇತ್ರವನ್ನು ತೆರೆದದ್ದೂ, ಎಲೆತುಕ್ಕು ರೋಗವನ್ನು ತಾಳಿಕೊಳ್ಳುವ ಎಸ್. 795 ಎಂಬ ಅರೇಬಿಕಾ ತಳಿಯು ಅಲ್ಲಿಂದಲೇ 1940ರ ದಶಕದಲ್ಲಿ ಹೊರಬಿದ್ದು ಇಂದಿಗೂ ನಮ್ಮ ಮಲೆನಾಡಿನ ಬೆಟ್ಟಗಳನ್ನು ಆಕ್ರಮಿಸಿರುವುದೂ ತೋಟಗಾರರಿಗೆ ಗೊತ್ತು. ಆದರೆ ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿಹೋಗಿ ಬೆಳೆಗಾರರು ದಿಕ್ಕೆಟ್ಟಾಗ, ಅವರನ್ನು ಉಳಿಸುವ ಸದುದ್ದೇಶದಿಂದಲೇ 1942ರ ಕಾಯಿದೆಯ ಮೂಲಕ ನೆಲೆಗೊಂಡ ಕಾಫಿ ಮಂಡಲಿಯು, ಪ್ರತಿಯೊಬ್ಬನ ಬೆಳೆಯನ್ನೂ ಒಂದೇ ಸಂಗ್ರಹಕ್ಕೆ ಸೇರಿಸಿಕೊಂಡು, ದರ್ಜೆಗಳಾಗಿ ವಿಂಗಡಿಸಿ ತಾನೇ ಮಾರುವ ‘ಪೂಲ್’ ಪದ್ಧತಿಯನ್ನು ನಡೆಸಿತು. ಎರಡು ತಲೆಮಾರು ಈ ವ್ಯವಸ್ಥೆ ನಡೆದು, 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಬೆಳೆಗಾರನಿಗೆ ತನ್ನ ಬೆಳೆಯನ್ನು ತಾನೇ ಮಾರುವ ಪೂರ್ಣ ಸ್ವಾತಂತ್ರ್ಯ ದೊರೆಯಿತು.

ಇದನ್ನು ನಾನು ವಿವರಿಸುತ್ತಿದ್ದಂತೆ ಗಾಣದ ಕಾಕಾ ನಡುವೆಯೇ ಕೈಯೆತ್ತಿದರು. ‘ತಿಳೀತು ಬಿಡು. ಸಂಕೇಶ್ವರ ಫ್ಯಾಕ್ಟರಿಗೆ ಕಬ್ಬ ಕಳಿಸಿದಂಗ.’ ಇದಕ್ಕಿಂತ ಸಮರ್ಪಕವಾದ ವ್ಯಾಖ್ಯಾನ ಯಾವ ಅರ್ಥಶಾಸ್ತ್ರಜ್ಞನಿಂದಲೂ ನನಗೆ ದೊರೆತಿಲ್ಲ. ಕಾರ್ಖಾನೆಗೆ ಹೋದ ಕಬ್ಬಿಗೆ ಯಾರ ಹೊಲದ್ದೆಂಬ ಗುರುತು ತೂಕದ ಚೀಟಿಯವರೆಗೆ ಮಾತ್ರ. ಅನಂತರ ಸವಳು ನೆಲದ್ದೂ ಎರೆನೆಲದ್ದೂ ಒಂದೇ ಗಿರಣಿಯಲ್ಲಿ ಅರೆದು ಒಂದೇ ಬಿಳಿಯ ಸಕ್ಕರೆಯಾಗುತ್ತವೆ, ಚೊಕ್ಕಟವಾಗಿ ಬೆಳೆದವನಿಗೂ ಹೇಗೋ ಬೆಳೆದವನಿಗೂ ಟನ್ನಿಗೆ ದರ ಒಂದೇ. ಗಾಣಕ್ಕೆ ಹೋದ ಕಬ್ಬು ಹಾಗಲ್ಲ. ಸವಳು ನೆಲದ ಬೆಲ್ಲ ಉಪ್ಪುಪ್ಪಾಗಿ ಮೆತ್ತಗಾಗುತ್ತದೆ, ಒಳ್ಳೆಯ ನೆಲದ್ದು ಒಡೆದರೆ ಒಳಗೆ ಹೊಳೆಯುತ್ತದೆ, ಕೊಳ್ಳುವವನು ಬಾಯಿಗಿಟ್ಟುಕೊಂಡು ಹೊಲದ ಹೆಸರು ಹೇಳುತ್ತಾನೆ. ಸ್ಪೆಷಾಲ್ಟಿ ಕಾಫಿಯೆಂದರೆ ಕಾರ್ಖಾನೆಯನ್ನು ಬಿಟ್ಟು ಗಾಣಕ್ಕೆ ಬಂದ ಕಾಫಿ.

ಇನ್ನು ‘ಹನಿ’. ಕನ್ನಡದಲ್ಲಿ ಹನಿಯೆಂದರೆ ಬಿಂದು, ಇಂಗ್ಲಿಷಿನಲ್ಲಿ ಜೇನು. ಈ ಪೊಟ್ಟಣದ ಮಟ್ಟಿಗೆ ಎರಡೂ ಅಲ್ಲ. ಕಾಫಿಯ ಹಣ್ಣು ನಮ್ಮ ಬಾರಿಹಣ್ಣಿನಷ್ಟು ಗಾತ್ರದ್ದು. ಕೆಂಪು ಸಿಪ್ಪೆ, ಅದರೊಳಗೆ ಸಿಹಿಯಾದ ಲೋಳೆ, ಲೋಳೆಯೊಳಗೆ ಒಣಗಿದಾಗ ಕಾಗದದಂತಾಗುವ ಹೊದಿಕೆ, ಅದರೊಳಗೆ ಬೆನ್ನು ಹೊರಗಾಗಿ, ಮುಖಕ್ಕೆ ಮುಖವಿಟ್ಟು ಕುಳಿತ ಎರಡು ಬೀಜ. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದರೆ ಅದನ್ನು ಮಲೆನಾಡಿನವರು ‘ಚೆರಿ’ ಎನ್ನುತ್ತಾರೆ. ಸಿಪ್ಪೆ ಸುಲಿದು, ಲೋಳೆಯನ್ನು ಹುದುಗಿಸಿ ತೊಳೆದು, ಹೊದಿಕೆಯ ಸಮೇತ ಒಣಗಿಸಿದರೆ ‘ಪಾರ್ಚ್‌ಮೆಂಟ್’. ಇವೆರಡರ ಮಧ್ಯದ ದಾರಿಯೊಂದುಂಟು: ಸಿಪ್ಪೆಯನ್ನು ಮಾತ್ರ ಸುಲಿದು, ಲೋಳೆಯನ್ನು ತೊಳೆಯದೆ, ಅಂಟಂಟಾದ ಬೀಜವನ್ನು ಹಾಗೆಯೇ ನೆರಳು-ಬಿಸಿಲಿನಲ್ಲಿ ಕೈಯಾಡಿಸುತ್ತ ಒಣಗಿಸುವುದು. ಮಧ್ಯ ಅಮೆರಿಕದ ಕೋಸ್ಟರಿಕಾದವರು ಆ ಲೋಳೆಗೆ ತಮ್ಮ ಭಾಷೆಯಲ್ಲಿ ‘ಮಿಯೆಲ್’, ಅರ್ಥಾತ್ ಜೇನು ಎನ್ನುವುದರಿಂದ ಈ ಪದ್ಧತಿಗೆ ‘ಹನಿ ಪ್ರೋಸೆಸ್’ ಎಂಬ ನಾಮಕರಣವಾಯಿತು. ಇದರಲ್ಲಿ ಜೇನಿನ ಲೇಶವೂ ಇಲ್ಲ. ಆದರೆ ಅಪಾಯವುಂಟು, ಮೋಡ ಕವಿದು ಎರಡು ದಿನ ಒಣಗದಿದ್ದರೆ, ಇಲ್ಲವೆ ಕೈಯಾಡಿಸುವ ಆಳು ಒಂದು ಮಧ್ಯಾಹ್ನ ನಿದ್ದೆಹೋದರೆ, ಬೂಷ್ಟು ಹಿಡಿದು ಇಡೀ ಕಣವೇ ಹಾಳು. ಬೆಲೆ ಏರಲು ಇದೂ ಒಂದು ಕಾರಣ. ಹಣ್ಣಾದವನ್ನು ಮಾತ್ರ ಆಯ್ದು ಕೊಯ್ಯಲು ಒಂದೇ ಗಿಡದ ಬಳಿ ಮೂರು ನಾಲ್ಕು ಸಲ ಹೋಗಬೇಕಾದುದು ಇನ್ನೊಂದು.

ಹುರಿಯುವ ಪ್ರಕರಣಕ್ಕೆ ಬಂದಾಗ ನಾನು ಉಪನ್ಯಾಸಕನಾಗಿ ಉಳಿಯಲಿಲ್ಲ, ಶಿಷ್ಯನಾದೆ. ನೂರಕ್ಕೆ ಸುಮಾರು ಹನ್ನೊಂದು ಪಾಲು ನೀರಿರುವ ಹಸಿಬೀಜವು ಹುರಿಯುವ ಪೀಪಾಯಿಯಲ್ಲಿ ಮೊದಲು ಹುಲ್ಲಿನಂತೆ, ಆಮೇಲೆ ರೊಟ್ಟಿಯಂತೆ ನಾರಿ, ಬಣ್ಣ ತಿರುಗಿ, ಇನ್ನೂರು ಡಿಗ್ರಿಯ ಹತ್ತಿರ ಅರಳು ಹುರಿದಾಗಿನಂತೆ ಚಟಚಟನೆ ಸಿಡಿಯುತ್ತದೆ. ಇದು ಮೊದಲನೆಯ ಸಿಡಿತ. ಅಲ್ಲಿಂದ ಮುಂದಿನ ಒಂದೆರಡು ನಿಮಿಷಗಳಲ್ಲೇ ಸರ್ವಸ್ವವೂ ನಿರ್ಣಯವಾಗುತ್ತದೆ. ಬೇಗ ಇಳಿಸಿದರೆ ಹಸಿ ಹುಳಿ. ತಡಮಾಡಿದರೆ ಆ ನೆಲದ, ಆ ತಳಿಯ ಗುಣವೆಲ್ಲ ಸುಟ್ಟು, ಎಲ್ಲ ಕಾಫಿಯೂ ಒಂದೇ ಇದ್ದಿಲಿನ ಕಹಿ. ಕಾಕಾ ತಲೆದೂಗಿದರು. ಬೆಲ್ಲದ ಪಾಕವೂ ನೂರಹದಿನೆಂಟು ಡಿಗ್ರಿಯ ಆಸುಪಾಸಿನಲ್ಲಿ ಹೀಗೆಯೇ ಒಂದು ಕೂದಲೆಳೆಯ ಮೇಲೆ ನಿಲ್ಲುತ್ತದೆ. ಅವರ ಬಳಿ ಉಷ್ಣಮಾಪಕವೇನೂ ಇಲ್ಲ. ಕೊಪ್ಪರಿಗೆಯಲ್ಲಿ ಗುಳ್ಳೆ ಏಳುವ ಸದ್ದು ‘ಬುಳುಬುಳು’ ಹೋಗಿ ‘ಪುಸುಪುಸು’ ಆಗುವುದನ್ನು ಕೇಳುತ್ತ ನಿಂತಿದ್ದು, ಸೌಟಿನಿಂದ ಒಂದಿಷ್ಟನ್ನು ತಣ್ಣೀರಿನ ಬೋಗುಣಿಗೆ ಬಿಟ್ಟು, ಬೆರಳಿನಿಂದ ಉಂಡೆ ಕಟ್ಟಿ, ಅದನ್ನು ಬೋಗುಣಿಯ ಅಂಚಿಗೆ ಹೊಡೆದು ‘ಟಣ್’ ಎಂಬ ಸಪ್ಪಳ ಬಂದೊಡನೆ ‘ಇಳಸ್ರೋ’ ಎಂದು ಕೂಗುತ್ತಾರೆ. ಆ ಕೂಗು ಅರ್ಧ ನಿಮಿಷ ತಡವಾದರೆ ಬೆಲ್ಲಕ್ಕೆ ಕರಿಕು ಹತ್ತುತ್ತದೆ, ಮುಂಚಿತವಾದರೆ ಅಚ್ಚಿನಲ್ಲಿ ಕೂಡದೆ ಕಾಕಂಬಿಯಾಗಿ ಸೋರುತ್ತದೆ. ಕಾಫಿ ಹುರಿಯುವವರೂ ಕಿವಿಯಿಂದಲೇ ಹದ ಹಿಡಿಯುತ್ತಾರೆಂದು ಕೇಳಿ ಅವರಿಗೆ ಆದ ಸಂತೋಷವು, ದೂರದೇಶದಲ್ಲಿ ತಮ್ಮ ಬೆಡಗಿನವರೊಬ್ಬರನ್ನು ಕಂಡಾಗಿನಂತಹದು.

ಹುರಿದ ತಾರೀಖನ್ನು ಮುದ್ರಿಸುವುದೂ, ಪೊಟ್ಟಣದ ಎದೆಯ ಮೇಲೆ ಗುಂಡಿಯಂತಹ ಕವಾಟವಿರುವುದೂ ಇದರ ಮುಂದುವರಿಕೆಯೇ. ಹುರಿದ ಬೀಜವು ಹಲವು ದಿನಗಳವರೆಗೆ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಿರುತ್ತದೆ. ಅದು ಹೊರಹೋಗಬೇಕು, ಹೊರಗಿನ ಗಾಳಿ ಒಳಬರಬಾರದು, ಅದಕ್ಕಾಗಿ ಆ ಏಕಮುಖ ಬಾಗಿಲು. ಬೀಜವಾಗಿಯೇ ಇದ್ದರೆ ತಿಂಗಳೊಪ್ಪತ್ತು ಸುವಾಸನೆ ನಿಲ್ಲುತ್ತದೆ. ಪುಡಿಮಾಡಿದರೆ ವಾರದೊಳಗೆ ಬಹುಪಾಲು ಹಾರಿಹೋಗುತ್ತದೆ. ನನ್ನ ಅಳಿಯನು ಪುಡಿಯನ್ನು ತಂದು ಈ ಮಟ್ಟಿಗೆ ತನ್ನ ಹಣವನ್ನು ಅರ್ಧ ಗಾಳಿಗೆ ತೂರಿದ್ದನೆಂದು ಹೇಳದೆ ವಿಧಿಯಿಲ್ಲ. ಚಿಕೋರಿಯ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ: ಅದು ಬೇರೊಂದು ಗಿಡದ ಬೇರು, ಕಾಫಿಯಲ್ಲ, ವಿಷವೂ ಅಲ್ಲ, ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಪಾಲಿಗೆ ಕಡಿಮೆಯಾಗಬಾರದೆಂದೂ, ಎಷ್ಟೆಂಬುದನ್ನು ಪೊಟ್ಟಣದ ಮೇಲೆ ತಿಳಿಸಬೇಕೆಂದೂ ನಮ್ಮ ಕಾನೂನಿದೆ. ಚಿಕೋರಿಯ ಗಾಢ ಬಣ್ಣಕ್ಕೆ ಒಗ್ಗಿದವರು ಸ್ಪೆಷಾಲ್ಟಿ ಕಾಫಿಯನ್ನು ಕಂಡು ‘ನೀರು’ ಎನ್ನುವುದುಂಟು.

ನಮ್ಮ ಮನೆಯಲ್ಲಿಯೂ ಅದೇ ನಡೆಯಿತು. ಫಿಲ್ಟರ್ ಇಲ್ಲದ ಅಡುಗೆಮನೆಯಲ್ಲಿ ಅಳಿಯನು ತಾಮ್ರದ ತಂಬಿಗೆಯಲ್ಲಿ ನೀರು ಕುದಿಸಿ, ಒಲೆಯಿಂದ ಇಳಿಸಿ, ಕುದಿ ಅಡಗಲೆಂದು ಅರ್ಧ ನಿಮಿಷ ಬಿಟ್ಟು, ನಾಲ್ಕು ದೊಡ್ಡ ಚಮಚೆ ಪುಡಿಯ ಮೇಲೆ ಅರ್ಧ ಲೀಟರನ್ನು ಸುತ್ತ ಸುತ್ತ ಸುರಿದನು. ಪುಡಿಯು ರೊಟ್ಟಿ ಉಬ್ಬಿದಂತೆ ಉಬ್ಬಿ ಬಿರಿಯಿತು. ಅದು ಒಳಗಿನ್ನೂ ಗಾಳಿ ಉಳಿದಿದೆಯೆಂಬುದರ ಕುರುಹು. ನಾಲ್ಕು ನಿಮಿಷದ ಬಳಿಕ ಚಹಾ ಸೋಸುವ ಜರಡಿಗೆ ಅರಿವೆಯಿಟ್ಟು ಸೋಸಿದ. ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣುವಷ್ಟು ತಿಳಿ. ಅವ್ವ ಒಂದು ಗುಟುಕು ಕುಡಿದು, ‘ಹುಣಸಿ ಚಿಗಳಿ ತಿಂದಂಗ ಆಗತೈತಿ’ ಎಂದು ಬಟ್ಟಲನ್ನು ಸರಿಸಿದರು. ಅವರು ದೂರಿದ್ದು ಆ ಹುಳಿಯನ್ನು; ಬೆಂಗಳೂರಿನಲ್ಲಿ ಜನ ಹಣ ಕೊಡುವುದೂ ಅದಕ್ಕೇ. ಎಮ್ಮೆಯ ಹಾಲು ಬೆರೆಸಿದರೆ ಆ ಹುಳಿಯೂ ಸುವಾಸನೆಯೂ ಮುಚ್ಚಿಹೋಗುವುದರಿಂದ, ಹಾಲಿನ ಕಾಫಿಯೇ ಬೇಕೆನ್ನುವವರು ಇಷ್ಟು ಬೆಲೆ ತೆರುವುದು ವ್ಯರ್ಥವೆಂದೂ, ಅಂತಹವರು ರೊಬಸ್ಟಾ ಜಾತಿಯ ಒಳ್ಳೆಯ ಬೀಜ ಬೆರೆತ ಪುಡಿಯನ್ನು ಕೊಂಡು ಸುಖವಾಗಿರಬೇಕೆಂದೂ ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಹಾಲಿಲ್ಲದೆ ಕುಡಿಯದವನು ರಸಿಕನಲ್ಲವೆಂಬ ನಗರದವರ ಒಣಜಂಬಕ್ಕೂ ಆಧಾರವಿಲ್ಲ.

ಈಗ ಬಾಟಲಿಯ ಕಡೆಗೆ. ಜೇನು ಹಳ್ಳುಗಟ್ಟಿದರೆ ಸಕ್ಕರೆ ಬೆರೆತಿದೆಯೆಂಬ ನಂಬಿಕೆಯಷ್ಟು ವ್ಯಾಪಕವೂ ಅಷ್ಟೇ ನಿರಾಧಾರವೂ ಆದ ನಂಬಿಕೆ ಇನ್ನೊಂದಿಲ್ಲ. ಜೇನಿನಲ್ಲಿ ಮುಖ್ಯವಾಗಿ ಎರಡು ಸಕ್ಕರೆಗಳಿವೆ, ಫ್ರಕ್ಟೋಸ್ ಮತ್ತು ಗ್ಲೂಕೋಸ್. ಎರಡೂ ಕೂಡಿ ಮುಕ್ಕಾಲು ಪಾಲಿನ ಹತ್ತಿರ, ನೀರು ಐದನೆಯ ಒಂದು ಪಾಲಿಗಿಂತ ತುಸು ಕಡಿಮೆ. ಅಷ್ಟು ಅಲ್ಪ ನೀರಿನಲ್ಲಿ ಅಷ್ಟು ಗ್ಲೂಕೋಸ್ ಕರಗಿ ನಿಲ್ಲುವುದೇ ಪ್ರಕೃತಿಯ ಲೆಕ್ಕಕ್ಕೆ ಮೀರಿದ ಮಾತಾದುದರಿಂದ, ಪರಾಗದ ಕಣವೋ ಮೇಣದ ಚೂರೋ ಒಂದು ನೆಪ ಸಿಕ್ಕಿದೊಡನೆ ಅದು ಹರಳಾಗಿ ಹೊರಬೀಳುತ್ತದೆ. ಗ್ಲೂಕೋಸ್ ಹೆಚ್ಚಿರುವ ಸೂರ್ಯಕಾಂತಿಯ ಜೇನು ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ. ಫ್ರಕ್ಟೋಸ್ ಹೆಚ್ಚಿರುವುದು ವರ್ಷಗಟ್ಟಲೆ ತಿಳಿಯಾಗಿರಬಲ್ಲದು. ಹದಿನಾಲ್ಕು ಡಿಗ್ರಿಯ ಹತ್ತಿರದ ತಂಪು ಹರಳುಗಟ್ಟಲು ಅತ್ಯಂತ ಅನುಕೂಲ. ನಮ್ಮ ಸಂಕ್ರಾಂತಿಯ ರಾತ್ರಿಗಳಿಗೆ ಈ ವಿಷಯವನ್ನು ಯಾರೂ ಕಲಿಸಬೇಕಾಗಿಲ್ಲ. ವಾಸ್ತವದಲ್ಲಿ ಅಂಗಡಿಯ ಕಪಾಟಿನಲ್ಲಿ ಎರಡು ವರ್ಷ ಕನ್ನಡಿಯಂತೆ ನಿಂತ ಜೇನನ್ನು ಕಂಡಾಗಲೇ ಒಂದಿಷ್ಟು ಯೋಚಿಸಬೇಕು: ಅದನ್ನು ಕಾಯಿಸಿ, ಒತ್ತಡದಿಂದ ಸೋಸಿ, ಹರಳಿಗೆ ನೆಪವಾಗುವ ಪರಾಗವನ್ನೆಲ್ಲ ತೆಗೆದಿರಬಹುದು.

‘ರಾ’ ಅಥವಾ ಕಚ್ಚಾ ಜೇನೆಂದರೆ ಹಾಗೆ ಮಾಡದುದು ಎಂದಷ್ಟೇ ಅರ್ಥ. ಗೂಡಿನೊಳಗಿನ ಬಿಸಿ ಮೂವತ್ತೈದು ಡಿಗ್ರಿಯಷ್ಟು. ಅದಕ್ಕಿಂತ ಬಹಳ ಮೇಲೇರಿಸದೆ, ಅರಿವೆಯಲ್ಲಿ ಸೋಸಿ ಮೇಣ, ರೆಕ್ಕೆಗಳನ್ನು ತೆಗೆದು ತುಂಬಿದರೆ ಅದು ಕಚ್ಚಾ. ಕಾಯಿಸುವವರೆಲ್ಲ ಮೋಸಗಾರರೆಂದು ತಿಳಿಯಬಾರದು. ಹೂವಿನ ಮಕರಂದದಲ್ಲಿ ಮುಕ್ಕಾಲು ಪಾಲಿನವರೆಗೂ ನೀರೇ. ಹುಳುಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ರೆಕ್ಕೆಬೀಸಿ ಆರಿಸಿ, ಹದಕ್ಕೆ ಬಂದ ಮೇಲೆ ಮಾತ್ರ ಕಣಕ್ಕೆ ಮೇಣದ ಮುಚ್ಚಳ ಹಾಕುತ್ತವೆ. ಆ ಮುಚ್ಚಳ ಬೀಳುವ ಮುನ್ನವೇ ಅವಸರದಿಂದ ಕಿತ್ತ ಜೇನಿನಲ್ಲಿ, ಮಳೆಗಾಲದ ಹೊಸ್ತಿಲಲ್ಲಿ ಹೆಜ್ಜೇನಿನಿಂದ ತೆಗೆದುದರಲ್ಲಿ ವಿಶೇಷವಾಗಿ, ನೀರು ಹೆಚ್ಚಾಗಿದ್ದು, ಹುಳಿತು ನೊರೆಯೇಳುತ್ತದೆ. ನಮ್ಮ ಆಹಾರದ ಕಾನೂನು ನೀರನ್ನು ನೂರಕ್ಕೆ 20ಕ್ಕೆ ಮಿತಿಗೊಳಿಸಿದೆ. ಆ ನೀರನ್ನು ಇಳಿಸಲು ಕಾಯಿಸುತ್ತಾರೆ. ಕಾಯಿಸಿದಷ್ಟೂ, ಹಳತಾದಷ್ಟೂ ಎಚ್‌ಎಂಎಫ್ ಎಂಬ ಸಂಯುಕ್ತ ಬೆಳೆಯುತ್ತದೆ, ಅದು ಕಿಲೋಗೆ 80 ಮಿಲಿಗ್ರಾಂ ಮೀರಬಾರದೆಂಬುದು ಇನ್ನೊಂದು ಮಿತಿ. ಬಾಟಲಿಯ ಮೇಲಿನ ವಿಶೇಷಣಕ್ಕಿಂತ ಈ ಎರಡು ಅಂಕೆಗಳನ್ನು ಕೇಳುವುದು ಹೆಚ್ಚು ಫಲಕಾರಿ. ಇಲ್ಲಿಯೂ ಪ್ರಶ್ನೆ ಹದದ್ದೇ, ಆದರೆ ಹದ ನೋಡುವ ಹಿರಿಯ ಹುಳುವೇ. ಮನುಷ್ಯನ ಕೆಲಸ ಕಾಯುವುದು, ಅನಂತರ ಕೆಡಿಸದಿರುವುದು.

ನೀರಿನ ಬಟ್ಟಲಿಗೆ ಬಿಟ್ಟರೆ ಕರಗದೆ ತಳ ಸೇರಬೇಕು, ಬತ್ತಿಗೆ ಅದ್ದಿ ಹಚ್ಚಿದರೆ ಉರಿಯಬೇಕು, ನಾಯಿ ಮೂಸಬಾರದು, ಇರುವೆ ಮುತ್ತಬಾರದು: ಇವೆಲ್ಲ ನಮ್ಮಲ್ಲಿ ಪರಂಪರಾಗತ ಪರೀಕ್ಷೆಗಳು. ಒಂದಕ್ಕೂ ಅರ್ಥವಿಲ್ಲ. ದಪ್ಪ ಪಾಕವೂ ತಳ ಸೇರುತ್ತದೆ. ನೀರು ಕಡಿಮೆಯಿದ್ದರೆ ಸಕ್ಕರೆಯ ಬತ್ತಿಯೂ ಉರಿಯುತ್ತದೆ. ಇರುವೆಯ ಸಂಗತಿಯನ್ನು ನಮ್ಮ ಅಡುಗೆಮನೆಯೇ ಅದೇ ರಾತ್ರಿ ಸುಳ್ಳೆಂದು ಸಾಧಿಸಿತು. ಪ್ರಯೋಗಾಲಯದ ಪರೀಕ್ಷೆಯ ಕಥೆ ಮಾತ್ರ ಸ್ವಾರಸ್ಯಕರ, ಮತ್ತು ವಿಚಿತ್ರವೆಂದರೆ ಅದು ನೇರವಾಗಿ ನಮ್ಮ ಹೊಲಗಳಿಂದಲೇ ಆರಂಭವಾಗುತ್ತದೆ. ಕಬ್ಬು, ಗೋವಿನಜೋಳ, ಜೋಳ ಇವು ಗಾಳಿಯಿಂದ ಇಂಗಾಲವನ್ನು ಹಿಡಿಯುವ ರೀತಿ ಹೂಬಿಡುವ ಬಹುತೇಕ ಗಿಡಮರಗಳ ರೀತಿಗಿಂತ ಭಿನ್ನ. ವಿಜ್ಞಾನಿಗಳು ಇವನ್ನು ಸಿ4 ಸಸ್ಯಗಳೆನ್ನುತ್ತಾರೆ. ಇವುಗಳ ಸಕ್ಕರೆಯಲ್ಲಿ ತೂಕ ತುಸು ಹೆಚ್ಚಿನ ಇಂಗಾಲದ ಪಾಲು ಒಂದಿಷ್ಟು ಅಧಿಕ. ಜೇನನ್ನು ಯಂತ್ರದಲ್ಲಿಟ್ಟು ಆ ಪಾಲನ್ನು ಅಳೆದರೆ ಕಬ್ಬಿನ ಇಲ್ಲವೆ ಗೋವಿನಜೋಳದ ಪಾಕ ಬೆರೆತಿರುವುದು ಬಯಲಾಗುತ್ತದೆ. ನೂರಕ್ಕೆ ಏಳನ್ನು ಮೀರಿದರೆ ತಿರಸ್ಕೃತ. ಕಳ್ಳರು ಸುಮ್ಮನಿರುವರೇ? ಅಕ್ಕಿಯಿಂದ, ಬೀಟ್ ಗೆಡ್ಡೆಯಿಂದ ಮಾಡಿದ ಪಾಕಗಳು ಸಿ3 ಜಾತಿಯವಾದ್ದರಿಂದ ಈ ಬಲೆಗೆ ಬೀಳುವುದಿಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಹದಿಮೂರು ಛಾಪಿನ ಜೇನುಗಳ ಮಾದರಿಗಳನ್ನು ಜರ್ಮನಿಗೆ ಕಳುಹಿಸಿ, ಎನ್‌ಎಂಆರ್ ಎಂಬ ಇನ್ನೂ ಸೂಕ್ಷ್ಮವಾದ ಪರೀಕ್ಷೆಗೆ ಒಳಪಡಿಸಿದಾಗ ಬಹುಪಾಲು ಮಾದರಿಗಳು ಸೋತವೆಂದು ಪ್ರಕಟಿಸಿದ್ದು ಅನೇಕರಿಗೆ ನೆನಪಿರಬಹುದು; ಕಂಪನಿಗಳು ಅದನ್ನು ನಿರಾಕರಿಸಿದುದೂ ನೆನಪಿರಬಹುದು.

ಇಲ್ಲೊಂದು ಸಂದೇಹ ನನ್ನನ್ನು ಕಾಡಿತು. ಗಾಣ ನಡೆಯುವ ದಿನಗಳಲ್ಲಿ ನಮ್ಮ ಊರಿನ ಹುಳುಗಳು ಹೂವನ್ನೇ ಹುಡುಕಿ ಹೋಗುತ್ತವೆಂಬ ಭರವಸೆಯೇನು? ಕಾಕಾನ ಗಾಣದಲ್ಲಿ ಮುಂಜಾನೆ ಒಂಬತ್ತರ ಬಿಸಿಲಿಗೆ ಕಬ್ಬಿನ ಹಾಲಿನ ತೊಟ್ಟಿಯ ಅಂಚಿನ ಮೇಲೆ, ಅರೆದೊಗೆದ ಸಿಪ್ಪೆಯ ರಾಶಿಯ ಮೇಲೆ, ಕೊಪ್ಪರಿಗೆಯಿಂದ ತೆಗೆದೆಸೆದ ನೊರೆಯ ಮೇಲೆ ಕೋಲುಜೇನೂ ತುಡುವೆಯೂ ಹೆಜ್ಜೇನೂ ಜಾತಿಭೇದವಿಲ್ಲದೆ ಪಂಕ್ತಿ ಕೂಡುವುದನ್ನು, ಹಲವು ತೊಟ್ಟಿಗೆ ಬಿದ್ದು ಸಾಯುವುದನ್ನು ನಾನೇ ನೋಡಿದ್ದೇನೆ. ಆ ಹುಳುವಿನ ಜೇನು ಮನುಷ್ಯನ ಮೋಸವಿಲ್ಲದೆಯೂ ಸಿ4 ಪರೀಕ್ಷೆಯಲ್ಲಿ ಸೋಲಬಹುದು. ಹುಳುವನ್ನು ಯಾವ ಕಾನೂನಿನ ಕೆಳಗೆ ಹಿಡಿಯುವುದು? ಕಬ್ಬಿನ ನಾಡಿನಲ್ಲಿ ಪೆಟ್ಟಿಗೆಯಿಡಬಯಸುವ ತರುಣರು ಗಾಣದಿಂದ ದೂರವಾಗಿ, ಸೂರ್ಯಕಾಂತಿಯಂತಹ ಹೂಬೆಳೆಯ ಹತ್ತಿರ ಇಡುವುದೇ ವಿವೇಕ.

ಜೇನನ್ನು ಬಿಸಿ ಕಾಫಿಗೆ ಬೆರೆಸಬಹುದೆ ಎಂಬುದು ಅಳಿಯನ ಪ್ರಶ್ನೆ. ‘ಕಾಯಿಸಿದ ಜೇನು ವಿಷ’ ಎಂಬುದು ಅವ್ವನ ಉತ್ತರ. ಅವ್ವನ ಹಿಂದೆ ಚರಕನಿದ್ದಾನೆ. ಮಧುವಿಗೂ ಉಷ್ಣಕ್ಕೂ ವಿರೋಧವೆಂದು ಆಯುರ್ವೇದದ ಸಂಹಿತೆಗಳು ಸ್ಪಷ್ಟವಾಗಿ ಹೇಳುತ್ತವೆ. ಆಧುನಿಕ ರಸಾಯನಶಾಸ್ತ್ರವು ವಿಷವೆನ್ನುವಷ್ಟು ದೂರ ಹೋಗುವುದಿಲ್ಲ. ಬಿಸಿಗೆ ಕಿಣ್ವಗಳು ನಾಶವಾಗುತ್ತವೆ, ಸುವಾಸನೆ ಹಾರಿಹೋಗುತ್ತದೆ ಎನ್ನುತ್ತದೆ. ಕಚ್ಚಾ ಜೇನಿಗೆ ಹೆಚ್ಚಿನ ಬೆಲೆ ತೆತ್ತು ತಂದು ಕುದಿಯುವ ಕಾಫಿಗೆ ಹಾಕುವವನಿಗೆ ಚರಕನಾಗಲಿ ರಸಾಯನಶಾಸ್ತ್ರವಾಗಲಿ ಬೇಡ, ಅವನ ಕಿಸೆಯೇ ಬುದ್ಧಿ ಹೇಳೀತು. ಎರಡು ಮಾತುಗಳನ್ನು ಮಾತ್ರ ಗಂಭೀರವಾಗಿ ಹೇಳಬೇಕು. ವರ್ಷ ತುಂಬದ ಕೂಸಿಗೆ ಯಾವ ಜೇನನ್ನೂ, ಎಷ್ಟು ಶುದ್ಧವಾದುದನ್ನೂ, ಬೆರಳ ತುದಿಯಲ್ಲಿಯೂ ನೆಕ್ಕಿಸಕೂಡದು. ಅದರಲ್ಲಿರಬಹುದಾದ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಾಣುಗಳು ಹಸುಗೂಸಿನ ಕರುಳಿನಲ್ಲಿ ಮೊಳೆತು ವಿಷ ಉತ್ಪಾದಿಸಬಲ್ಲವು. ಹುಟ್ಟಿದೊಡನೆ ಜೇನು ನೆಕ್ಕಿಸುವ ನಮ್ಮ ಸಂಪ್ರದಾಯವನ್ನು ಕೈಬಿಡಲೇಬೇಕು. ಸಕ್ಕರೆಕಾಯಿಲೆಯವರು ಜೇನನ್ನು ಔಷಧವೆಂದು ಭ್ರಮಿಸಕೂಡದು, ಅದೂ ಸಕ್ಕರೆಯೇ. ಯಮಕನಮರಡಿಯಿಂದ ಬಹುದೂರವಲ್ಲದ ಹುದಲಿಗೆ 1937ರಲ್ಲಿ ಗಾಂಧೀ ಸೇವಾ ಸಂಘದ ಸಮ್ಮೇಳನಕ್ಕೆಂದು ಬಂದಿದ್ದ ಮಹಾತ್ಮರು ಅಂದು ನಮ್ಮ ಪಡಸಾಲೆಗೆ ಬಂದಿದ್ದರೆ, ಜೇನಿನ ಬಾಟಲಿಯನ್ನು ಇರಿಸಿಕೊಂಡು ಕಾಫಿಯ ಪೊಟ್ಟಣವನ್ನು ಹಿಂದಿರುಗಿಸುತ್ತಿದ್ದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಚಹಾ ಕಾಫಿಗಳು ದೇಹಕ್ಕೆ ಅನಾವಶ್ಯಕವೆಂದು ಅವರು ಬರೆದಿರುವುದು ಪ್ರಸಿದ್ಧ.

ಆದರೆ ಈ ಎರಡು ವಸ್ತುಗಳನ್ನು ಹಾಗೆ ಅಗಲಿಸುವುದು ಮಲೆನಾಡಿನಲ್ಲಿ ಸುಲಭವಲ್ಲ. ಮಾರ್ಚ್ ಏಪ್ರಿಲುಗಳಲ್ಲಿ ಅಲ್ಲಿಯವರು ಹೂಮಳೆಯೆನ್ನುವ ಮೊದಲ ಮಳೆ ಬಿದ್ದ ಎಂಟು ಹತ್ತು ದಿನಗಳಿಗೆ ಇಡೀ ಬೆಟ್ಟವು ಒಂದೇ ಮುಂಜಾವಿನಲ್ಲಿ ಬೆಳ್ಳಗೆ, ಮಲ್ಲಿಗೆಯ ಕಂಪಿನಿಂದ ಅರಳುತ್ತದೆ, ಎರಡು ಮೂರು ದಿನಗಳಲ್ಲಿ ಬಾಡುತ್ತದೆ. ಅರೇಬಿಕಾ ಗಿಡವು ತನ್ನ ಪರಾಗದಿಂದಲೇ ಕಾಯಿಗಟ್ಟಬಲ್ಲದು; ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು, ತರುವವರು ಗಾಳಿ ಮತ್ತು ಜೇನುಹುಳು. ಕೊಡಗಿನ ವಿರಾಜಪೇಟೆ, ಭಾಗಮಂಡಲಗಳಲ್ಲಿ ಜೇನು ಸಾಕುವವರ ಸಹಕಾರಿ ಸಂಘಗಳು ಬೆಳೆದು ಹೆಸರಾದದ್ದು ಕಾಫಿಯ ನೆರಳಿನಲ್ಲಿಯೇ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿನ ಪೆಟ್ಟಿಗೆಗಳನ್ನು ಬರಿದುಮಾಡಿದಾಗ ಆ ಸಂಘಗಳು ತತ್ತರಿಸಿದವು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟವಾದ ‘ಕರ್ವಾಲೊ’ ಕಾದಂಬರಿಯನ್ನು ಜೇನಿನ ಸೊಸೈಟಿಯಿಂದಲೇ ಆರಂಭಿಸಿದುದು ಆಕಸ್ಮಿಕವಲ್ಲವೆಂದು ನನಗೆ ಈಗ ಅನಿಸುತ್ತದೆ. ಆ ಬೆಟ್ಟಗಳಲ್ಲಿ ಒಂದರ ಮಾತೆತ್ತಿದರೆ ಇನ್ನೊಂದು ತಾನಾಗಿಯೇ ಬರುತ್ತದೆ. ನಮ್ಮ ಪಡಸಾಲೆಯಲ್ಲಿದ್ದ ಪೊಟ್ಟಣವೂ ಬಾಟಲಿಯೂ ಒಂದೇ ಇಳಿಜಾರಿನ ಹೂವುಗಳಿಂದ ಬಂದಿರುವುದು ಅಸಂಭವವೇನಲ್ಲ.

ಸಾಯಂಕಾಲ ಅವ್ವನಿಗೆ ತಿಳಿಯದಂತೆ ಅಳಿಯನು ಬಾಟಲಿಯನ್ನು ಬಚ್ಚಲ ಹಂಡೆಯ ಉಗುರುಬೆಚ್ಚಗಿನ ನೀರು ತುಂಬಿದ ಬಕೆಟ್ಟಿನಲ್ಲಿ ಕುತ್ತಿಗೆಯವರೆಗೆ ಇಳಿಸಿಟ್ಟನು. ಎರಡು ತಾಸಿಗೆ ಹರಳೆಲ್ಲ ಕರಗಿ ಜೇನು ತಿಳಿಯಾಯಿತು. ಅವ್ವ ಅದನ್ನು ಭಕ್ಕರಿಯ ಅಂಚಿಗೆ ಹಚ್ಚಿ ತಿಂದು, ಬಹಳ ಹೊತ್ತು ಏನನ್ನೂ ಹೇಳದೆ, ಕೊನೆಗೆ ‘ಇನ್ನೊಂದು ಚೂರ ಹಾಕು’ ಎಂದರು. ಗಾಣದ ಕಾಕಾ ಮಾತ್ರ ಕಾಫಿಯ ಪೊಟ್ಟಣವನ್ನು ಬಿಟ್ಟಿರಲಿಲ್ಲ. ಹೊರಡುವಾಗ ಅದನ್ನು ಮೂಗಿಗೆ ಹಿಡಿದು, ಆ ಗುಂಡಿಯನ್ನು ಒತ್ತಿ, ಹೊರಬಂದ ಗಾಳಿಯನ್ನು ಆಘ್ರಾಣಿಸಿ, ‘ಇವರ ಗಾಣ ಯಾವ ತಿಂಗಳದಾಗ ಚಾಲೂ ಇರತೈತಿ? ಒಮ್ಮಿ ಹೋಗಿ ನೋಡಿ ಬರೂಣಂತ’ ಎಂದು ಕೇಳಿದರು. ಅರೇಬಿಕಾದ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ ಎಂದೆ. ಕಾಕಾನ ಮುಖ ಸಣ್ಣದಾಯಿತು. ‘ಆಗ ನಂದೂ ಸುರು ಇರತೈತಲ್ಲೋ’ ಎನ್ನುತ್ತ ಟೊಪ್ಪಿಗೆ ಸರಿಪಡಿಸಿಕೊಂಡು, ರಾತ್ರಿಯ ಕೊಪ್ಪರಿಗೆಗೆ ರವದಿ ಸಾಲುತ್ತದೋ ಇಲ್ಲವೋ ನೋಡಬೇಕೆಂದು ಅವಸರದಿಂದ ನಡೆದರು.